ಸತ್ಯಾಂಶ: ನೀರಿಗಿಳಿಸದೆ ಲೈಫ್‌ಬೋಟ್ ಎಂಜಿನ್ ಚಾಲು ಮಾಡಬಾರದೇ?

"ಲೈಫ್‌ಬೋಟ್ ನೀರಿನಲ್ಲಿ ಇಲ್ಲದಾಗ ಎಂಜಿನ್ ಚಾಲು ಮಾಡಿದರೆ ತಕ್ಷಣ ಸೀಜ್ ಆಗುತ್ತೆ, ಮುಟ್ಟಲೇಬೇಡಿ" ಅನ್ನುವ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಹಡಗುಗಳ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ ಸೋಲಾಸ್ ಪ್ರಕಾರ, ತಣ್ಣಗಿರುವಾಗ ಚಾಲು ಮಾಡಿದರೂ ಈ ಎಂಜಿನ್ ನೀರಿನ ಹೊರಗೆ ಕನಿಷ್ಠ 5 ನಿಮಿಷ ಓಡಬೇಕು. ವಾರಕ್ಕೊಮ್ಮೆ ಒಟ್ಟು 3 ನಿಮಿಷವಾದರೂ ಓಡಿಸಿ, ಗೇರ್ ಸರಿಯಾಗಿ ಬೀಳುತ್ತಾ ಅಂತಲೂ ನೋಡಬೇಕು. ಹಾಗಂತ ಸುಮ್ನೆ ಜಾಸ್ತಿ ಹೊತ್ತು ಬಿಡಬೇಡಿ. ಕೈಪಿಡಿಯ ಮಿತಿ ಮೀರಿದರೆ ಎಂಜಿನ್ ವಿಪರೀತ ಬಿಸಿಯಾಗಬಹುದು.

ಮೊದಲು ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಅದ್ದಿ ಮಟ್ಟ ನೋಡಿ. ಡೀಸೆಲ್ ವಾಲ್ವ್ ತೆರೆದಿದೆಯಾ? ಗೇರ್ ನ್ಯೂಟ್ರಲ್‌ನಲ್ಲಿರಲಿ. ಪ್ರೊಪೆಲ್ಲರ್ ಹತ್ತಿರ ಯಾರೂ ಇರಬಾರದು. ಎರಡು ಬ್ಯಾಟರಿ ಇದ್ದರೆ ಎರಡರಿಂದಲೂ ಬೇರೆ ಬೇರೆಯಾಗಿ ಚಾಲು ಮಾಡಿ. ಒಂದನ್ನೇ ನೋಡಿ ಸಹಿ ಹಾಕಿದರೆ ಇನ್ನೊಂದು ಸತ್ತಿರುವುದು ಗೊತ್ತಾಗುವುದೇ ಇಲ್ಲ, ಅಲ್ವಾ?