ಹದಿನಾಲ್ಕಾಣೆ ನೋವು

ಗಂಗಾವತಿಯ ಅಕ್ಕಿ ಗಿರಣಿಗಳಲ್ಲಿ ಮೂವತ್ತು ವರ್ಷ ಹಮಾಲಿ ಮಾಡಿದ ನನ್ನಪ್ಪನಿಗೆ ನೋವನ್ನು ಹತ್ತರ ಲೆಕ್ಕದಲ್ಲಿ ಹೇಳಲು ಬರಲಿಲ್ಲ. ವಾಸಿಯಾಗದ ರೋಗಿಗಳ ನೋವು ತಗ್ಗಿಸಿ ಕೊನೆಯವರೆಗೆ ನೋಡಿಕೊಳ್ಳುವ ಬೆಂಗಳೂರಿನ ಹಾಸ್ಪಿಸ್ ಒಂದಕ್ಕೆ ಸೇರಿಸಿದ ಮೊದಲ ದಿನ ಅಲ್ಲಿನ ನರ್ಸ್ ಒಬ್ಬರು ಮಂಚದ ಪಕ್ಕ ಸ್ಟೂಲ್ ಎಳೆದುಕೊಂಡು ಕುಳಿತು, ನೋವೇ ಇಲ್ಲವೆಂದರೆ ಸೊನ್ನೆ, ತಡೆಯಲಾರದಷ್ಟಿದ್ದರೆ ಹತ್ತು, ಈಗ ಎಷ್ಟಿದೆ ಎಂದು ಕೇಳಿದಾಗ ಅಪ್ಪ ಬಹಳ ಹೊತ್ತು ಸುಮ್ಮನಿದ್ದ. ದವಡೆಯಲ್ಲಿ ಹುಟ್ಟಿದ ಹುಣ್ಣು ಅಷ್ಟರಲ್ಲಿ ಕೆನ್ನೆಯನ್ನು ತೂತು ಮಾಡಿ ಹೊರಬಂದಿತ್ತು, ಮಾತು ಬಿಡಿಸಿ ಬರುತ್ತಿರಲಿಲ್ಲ. ಕೊನೆಗೆ, "ರೂಪಾಯಿಗೆ ಹದಿನಾಕಾಣೆ ಐತವ್ವಾ" ಎಂದ. ಆಕೆ ನಗಲಿಲ್ಲ, ತಿದ್ದಲೂ ಇಲ್ಲ. ರೂಪಾಯಿಗೆ ಎಷ್ಟು ಆಣೆ ಎಂದು ನನ್ನನ್ನು ಕೇಳಿ, ಹದಿನಾರು ಎಂದು ತಿಳಿದುಕೊಂಡು, ಚಾರ್ಟಿನಲ್ಲಿ "14 ಆಣೆ" ಎಂದೇ ಬರೆದರು. ಅಂದಿನಿಂದ ಆ ವಾರ್ಡಿನಲ್ಲಿ ಅಪ್ಪನ ನೋವಿನ ಲೆಕ್ಕ ಆಣೆಯಲ್ಲಿಯೇ ನಡೆಯಿತು.

ಅದಕ್ಕೂ ಮೊದಲು ಒಂದು ದೊಡ್ಡ ಆಸ್ಪತ್ರೆಯವರು, "ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ, ಮನೆಗೆ ಕರಕೊಂಡು ಹೋಗಿ" ಎಂದು ಫೈಲು ಕೈಗಿಟ್ಟು ಕಳುಹಿಸಿದ್ದರು. ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು, ರಾತ್ರಿ ನೋವು ಎದ್ದರೆ ಏನು ಕೊಡಬೇಕು ಎಂಬ ಒಂದು ಮಾತನ್ನೂ ಯಾರೂ ಹೇಳಲಿಲ್ಲ. ಗಾಯದ ವಾಸನೆಗೆ ಅಂಜಿ ಅಪ್ಪ ತಾನಾಗಿಯೇ ತನ್ನ ಹಾಸಿಗೆಯನ್ನು ಹಿತ್ತಲಿನ ದನದ ಕೊಟ್ಟಿಗೆಗೆ ಹಾಕಿಸಿಕೊಂಡಿದ್ದ. ಮೊಮ್ಮಗ ಹತ್ತಿರ ಬಂದರೆ ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದ. ಕ್ಯಾನ್ಸರಿಗಿಂತ ಆ ಟವೆಲ್ಲು ನನ್ನನ್ನು ಹೆಚ್ಚು ಸುಟ್ಟಿತು.

ಹಾಸ್ಪಿಸ್‌ನವರು ಮೊದಲು ಕೈ ಹಚ್ಚಿದ್ದು ಆ ವಾಸನೆಗೆ. ಬ್ಯಾಂಡೇಜನ್ನು ಒಣಗಿದ್ದಂತೆಯೇ ಕೀಳದೆ ಸಲೈನ್ ಹನಿಸಿ ನೆನೆಸಿ, ಪದರ ಪದರವಾಗಿ ಬಿಡಿಸಿ, ಗಾಯ ತೊಳೆದು, ಮೆಟ್ರೋನಿಡಜೋಲ್ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ಅದರ ಮೇಲೆ ಉದುರಿಸುತ್ತಿದ್ದರು. ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಮಾತ್ರೆ ಅದು. ನಾಲ್ಕೈದು ದಿನಗಳಲ್ಲಿ ವಾಸನೆ ತಗ್ಗಿತು. ಮುಂದಿನ ವಾರ ಊರಿನಿಂದ ಬಂದ ಮೊಮ್ಮಗ ಅಜ್ಜನ ಮಂಚದ ಮೇಲೆಯೇ ಕುಳಿತು ಬಾಳೆಹಣ್ಣು ತಿಂದ. ಗಾಯ ವಾಸಿಯಾಗಿರಲಿಲ್ಲ, ವಾಸಿಯಾಗುತ್ತದೆಂದು ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ಒಬ್ಬ ಮನುಷ್ಯ ದನದ ಕೊಟ್ಟಿಗೆಯಿಂದ ಮತ್ತೆ ಮನೆಯ ಮಂದಿಯ ನಡುವೆ ಬಂದಿದ್ದ.

ಇಂಥ ಕೆಲಸವನ್ನು ಕಂಡವರೆಲ್ಲ "ಪುಣ್ಯದ ಕೆಲಸ" ಎಂದು ಕೈ ಮುಗಿಯುತ್ತಾರೆ. ನಾನೂ ಮುಗಿದಿದ್ದೇನೆ. ಆದರೆ ಅಷ್ಟಕ್ಕೇ ನಿಂತರೆ ಆ ಹೆಣ್ಣುಮಕ್ಕಳಿಗೆ ಅನ್ಯಾಯ ಮಾಡಿದಂತೆ ಎಂದು ಈಗ ನನಗೆ ಖಚಿತವಾಗಿ ಅನ್ನಿಸುತ್ತದೆ, ಏಕೆಂದರೆ ಅದು ಕಲಿತು ಮಾಡುವ ವಿದ್ಯೆ. ಆಧುನಿಕ ಹಾಸ್ಪಿಸ್ ಪದ್ಧತಿಗೆ ಬುನಾದಿ ಹಾಕಿ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್ ಆಗಿದ್ದವರು, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾದವರು. ನೋವೆಂದರೆ ಬರೀ ದೇಹದ್ದಲ್ಲ, ಮನಸ್ಸಿನದು, ಸಂಸಾರದ್ದು, ಒಳಗಿನ ನಂಬಿಕೆಯದೂ ಸೇರಿ ಒಂದೇ ಆಗಿರುತ್ತದೆ ಎಂಬುದನ್ನು ಅವರು ರೋಗಿಗಳ ಬಳಿ ಕುಳಿತು, ಅವರ ಮಾತು ಕೇಳಿ ಕಂಡುಕೊಂಡರು. ಅದನ್ನು ನಾನು ಕಣ್ಣಾರೆ ನೋಡಿದೆ. ಮಾರ್ಫಿನ್ ಶುರುವಾದ ಮೇಲೆ ಅಪ್ಪನ ನೋವು ಹತ್ತಾಣೆಗೆ ಇಳಿದು ಅಲ್ಲಿಯೇ ನಿಂತಿತ್ತು. ಒಂದು ರಾತ್ರಿ ಆ ನರ್ಸ್ ಕಾಲು ಒತ್ತುತ್ತಾ ಕೇಳಿದಾಗ, ಗಿರಣಿಯಲ್ಲಿ ಪಡೆದ ಮುಂಗಡ ತೀರಿಸದೆ ಸಾಯುತ್ತೇನಲ್ಲ ಎಂಬ ಕೊರಗು ಹೊರಗೆ ಬಂತು. ಅವರು ಬೆಳಗಾಗುತ್ತಲೇ ನನಗೆ ತಿಳಿಸಿದರು. ನಾನು ಹಣ ಕಟ್ಟಿಸಿ, ಮುಕಾದಮನಿಂದ ಫೋನಿನಲ್ಲಿ "ಲೆಕ್ಕ ಚುಕ್ತಾ ಆತು" ಎಂದು ಹೇಳಿಸಿದೆ. ಮಾತ್ರೆಯ ಪ್ರಮಾಣ ಹೆಚ್ಚಿಸಲಿಲ್ಲ, ಆದರೂ ಆ ಸಂಜೆ ಅಪ್ಪ ಆರಾಣೆ ಎಂದ.

ಮಾರ್ಫಿನ್ ಬಗ್ಗೆ ನಮ್ಮ ಕಡೆ ಬಹಳ ಭಯವಿದೆ. ಅದು ಕೊಟ್ಟರೆ ಬೇಗ ಸಾಯುತ್ತಾರೆ, ಚಟ ಹತ್ತುತ್ತದೆ ಎನ್ನುತ್ತಾರೆ. ಅಪ್ಪನಿಗೆ ನಾಲ್ಕು ತಾಸಿಗೊಮ್ಮೆ, ನೋವು ಏಳುವ ಮೊದಲೇ, ಗಡಿಯಾರ ನೋಡಿ ಕೊಡುತ್ತಿದ್ದರು. ಮಲಬದ್ಧತೆ ಆಗದಂತೆ ಅದರ ಜೊತೆಗೇ ಇನ್ನೊಂದು ಔಷಧ ಇರುತ್ತಿತ್ತು. ಹಾಗೆ ಕೊಟ್ಟ ಮೇಲೆಯೇ ಅವನು ತಿಂಗಳುಗಟ್ಟಲೆ ಮಾಡದ ನಿದ್ದೆ ಮಾಡಿದ.

ಹತ್ತೊಂಬತ್ತು ದಿನಗಳಾದ ಮೇಲೆ ಅಪ್ಪ ಊರಿಗೆ ಹೋಗಬೇಕೆಂದ. ಅವರು ತಡೆಯಲಿಲ್ಲ, ಬದಲಿಗೆ ಎರಡು ದಿನ ಕೂರಿಸಿಕೊಂಡು ಓದು ಬರಹ ಬಾರದ ನನ್ನ ಅವ್ವನಿಗೆ ಡ್ರೆಸಿಂಗ್ ಮಾಡುವುದನ್ನು, ಮಾತ್ರೆ ಅರೆದು ಮೂಗಿನ ನಳಿಕೆಯಲ್ಲಿ ಹಾಕುವುದನ್ನು, ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದನ್ನು ಕಲಿಸಿದರು. ಮನೆಯಲ್ಲಿ ಅವ್ವ ಮಾಡಿದ್ದೂ ಅದೇ ಕೆಲಸ. ಆದರೆ ಮಾರ್ಫಿನ್ ಮಾತ್ರೆ ಮುಗಿಯುತ್ತಾ ಬಂದಾಗ ಸಮೀಪದಲ್ಲಿ ಎಲ್ಲಿ ವಿಚಾರಿಸಿದರೂ ನನಗೆ ಸಿಗಲಿಲ್ಲ. ಕೆಲವು ಹಾಳೆ ಮಾತ್ರೆಗಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಮರುದಿನ ರಾತ್ರಿ ಬಸ್ಸಿಗೇ ತಿರುಗಿ ಬಂದೆ. 1985ರ ಮಾದಕವಸ್ತು ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು, ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳುವುದನ್ನು ಸರಳಗೊಳಿಸಲಾಗಿದೆ. ಕೇರಳ 2008ರಲ್ಲಿಯೇ ಇಂಥ ರೋಗಿಗಳ ಆರೈಕೆಗೊಂದು ನೀತಿ ಮಾಡಿ, ಪಂಚಾಯಿತಿಗಳ ಮೂಲಕ ಮನೆ ಬಾಗಿಲಿಗೆ ನರ್ಸುಗಳನ್ನು ಕಳುಹಿಸುತ್ತಿದೆ. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಗುಟ್ಕಾ ತಿಂದು ಬಾಯಿ ಕೊಳೆತವರು ನಮ್ಮ ಓಣಿ ಓಣಿಯಲ್ಲಿದ್ದಾರೆ. ಇಲ್ಲಿನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕೆಲಸ ಕಲಿತ ಇಬ್ಬರು ನರ್ಸುಗಳು, ಅವರಿಗೆ ಖಾಯಂ ಸಂಬಳ, ಓಡಾಡಲು ಒಂದು ವಾಹನ ಮತ್ತು ಬೀರುವಿನಲ್ಲಿ ಮಾರ್ಫಿನ್ ಇರಬೇಕೆಂದು ಕೇಳುವುದು ದೊಡ್ಡ ಬೇಡಿಕೆಯೆಂದು ನನಗೆ ಅನ್ನಿಸುವುದಿಲ್ಲ. ಶರಣರಿಗೆ ಮರಣವೇ ಮಹಾನವಮಿ ಎನ್ನುವ ನಾಡು ನಮ್ಮದು. ನೋವಿನಿಂದ ಗೋಡೆಗೆ ತಲೆ ಚಚ್ಚಿಕೊಳ್ಳುವವನಿಗೆ ಆ ಮಾತನ್ನು ಯಾವ ಬಾಯಿಂದ ಹೇಳುವುದು?

ಊರಿಗೆ ಬಂದ ಇಪ್ಪತ್ಮೂರನೆಯ ದಿನ ನಸುಕಿನಲ್ಲಿ ಅಪ್ಪ ಪಡಸಾಲೆಯಲ್ಲಿಯೇ ತೀರಿಕೊಂಡ. ಹಿಂದಿನ ಸಂಜೆ ಆ ನರ್ಸ್ ಎಂದಿನಂತೆ ಫೋನ್ ಮಾಡಿ ಎಷ್ಟಾಣೆ ಎಂದು ಕೇಳಿದ್ದರು. ಅಪ್ಪ ಮಾತಾಡಲಾರದೆ ಎರಡು ಬೆರಳು ತೋರಿಸಿದ್ದ, ಅವ್ವ ಅದನ್ನು ನೋಡಿ ಹೇಳಿದ್ದಳು. ದಿನಕರ್ಮವೆಲ್ಲ ಮುಗಿದ ಮೇಲೆ ಅವರಿಂದ ಮತ್ತೊಮ್ಮೆ ಫೋನ್ ಬಂತು. ಈ ಸಲ ಅವರು ಅವ್ವನನ್ನು ಕೇಳಿದರು, "ಅಮ್ಮಾ, ನಿಮಗೆ ಎಷ್ಟಾಣೆ ಇದೆ?" ಅವ್ವ ಅಪ್ಪನನ್ನು ಮಣ್ಣು ಮಾಡಿದ ದಿನವೂ ಗಟ್ಟಿಯಾಗಿ ಅತ್ತಿರಲಿಲ್ಲ. ಅಂದು ಫೋನನ್ನು ಕಿವಿಯಿಂದ ತೆಗೆಯದೆ ಬಹಳ ಹೊತ್ತು ಅತ್ತಳು, ಆ ಕಡೆಯವರೂ ಫೋನ್ ಇಡಲಿಲ್ಲ.