ಬಿಳಿ ಅಂದರೆ ಕಾಡು

ಸ್ವೀಡನ್ನಿನ ಮೀಟಿಂಗುಗಳಲ್ಲಿ ಕೆಮ್ಮಬಾರದು. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಮಗಳು ಸ್ಟಾಕ್‌ಹೋಮ್ ಪಕ್ಕದ ಒಂದು ಓರಿಯಂಟೀರಿಂಗ್ ಕ್ಲಬ್ಬಿಗೆ ಹೋಗುತ್ತಾಳೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಂದು ವಾರ ಊರೂರು ಸುತ್ತಿಸಿ ತರಬೇತಿ ಕೊಡುವುದು ಕ್ಲಬ್ಬಿನ ರೂಢಿ. ಏಪ್ರಿಲ್‌ನಲ್ಲಿ ಅಪ್ಪ ಅಮ್ಮಂದಿರ ಸಭೆ ಕರೆದರು. "ಎರಡನೇ ವ್ಯಾನು ಓಡಿಸುವುದಕ್ಕೆ ಯಾರು ಬರುತ್ತೀರಿ?" ಎಂದು ಕೋಚ್ ಕೇಳಿದರು. ಎಲ್ಲರೂ ಕಾಫಿ ಲೋಟದ ತಳ ನೋಡತೊಡಗಿದರು. ಹೊರಗೆ ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುವುದು ಕೇಳಿಸುವಷ್ಟು ಮೌನ. ಸರಿಯಾಗಿ ಆಗಲೇ ನನ್ನ ಗಂಟಲು ಕೆರೆಯಿತು. ಕೆಮ್ಮಿದೆ. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ಕೋಚ್ "ಟಾಕ್, ಟಾಕ್" ಎನ್ನುತ್ತ ನನ್ನ ಹೆಸರು ಬರೆದುಕೊಂಡೇಬಿಟ್ಟರು. ಟಾಕ್ ಅಂದರೆ ಥ್ಯಾಂಕ್ಸ್. ಗಾಬರಿಯಲ್ಲಿ ಇನ್ನೊಂದು ಸಲ ಕೆಮ್ಮಿದೆ. ಬೆಳಗಿನ ತಿಂಡಿಯ ಜವಾಬ್ದಾರಿಯೂ ನನಗೇ ಬಂತು.

ತಿಪಟೂರಿಗೆ ಫೋನ್ ಮಾಡಿ ಅಮ್ಮನಿಗೆ ವಿಷಯ ಹೇಳಿದೆ.

"ಏನೋ ಅದು ಆಟ?"

"ಕೈಗೆ ಮ್ಯಾಪು, ಕಂಪಾಸು ಕೊಟ್ಟು ಕಾಡಿಗೆ ಬಿಡ್ತಾರೆ. ಅಲ್ಲಲ್ಲಿ ಬಾವುಟ ಕಟ್ಟಿರ್ತಾರೆ. ಒಂದಾದ ಮೇಲೊಂದು ಹುಡುಕಿಕೊಂಡು ಬೇಗ ಬಂದವರು ಗೆದ್ದ ಹಾಗೆ."

"ದಾರಿ ಇರಲ್ವಾ?"

"ದಾರಿ ಬಿಟ್ಟು ಹೋಗೋದೇ ಆಟ."

ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. "ಮಗು ಜೊತೆ ನೀನು ಹೋಗ್ತಿದೀಯ, ಸರಿ. ನಿನ್ನ ಜೊತೆ ಯಾರು ಬರ್ತಾರೆ?"

ಅಮ್ಮನ ಪ್ರಶ್ನೆಗೆ ಇತಿಹಾಸವಿದೆ. ಬೆಂಗಳೂರಿನಲ್ಲಿದ್ದಾಗ ಮೆಜೆಸ್ಟಿಕ್‌ನ ಸುರಂಗದಲ್ಲಿ ಇಳಿದರೆ ನಾನು ಒಂದು ಸಲವೂ ಸರಿಯಾದ ಬಾಗಿಲಲ್ಲಿ ಮೇಲೆ ಬಂದವನಲ್ಲ. ಎಷ್ಟೋ ಸಲ ಇಳಿದ ಬಾಗಿಲಿನಿಂದಲೇ ಎದ್ದು ಬಂದು, ಎದುರು ಬದಿ ತಲುಪಿದೆ ಅಂತ ನಂಬಿ ಬಸ್ಸಿಗೆ ಕಾದಿದ್ದೇನೆ.

ಜುಲೈ ಎರಡನೇ ವಾರ ಹೊರಟೆವು. 14 ಮಕ್ಕಳು, ಕೋಚ್, ಇನ್ನೊಬ್ಬಳು ತಾಯಿ, ನಾನು. ಒಂಬತ್ತು ಸೀಟಿನ ಎರಡು ವ್ಯಾನು. ಮೊದಲು ಫಾಲುನ್, ಆಮೇಲೆ ಸಿಲ್ಯಾನ್ ಕೆರೆಯ ಸುತ್ತಮುತ್ತ, ಕೊನೆಗೆ ದಕ್ಷಿಣಕ್ಕೆ ಇಳಿದು ಟೀವೆಡೆನ್ ಕಾಡು. ದಾರಿಯಲ್ಲಿ ಮಕ್ಕಳು ನನಗೆ ಆಟದ ಚರಿತ್ರೆ ಹೇಳಿಕೊಟ್ಟರು. ಹುಡುಗರಿಗೆ ಓಟದ ಆಸಕ್ತಿ ಕಮ್ಮಿಯಾಗುತ್ತಿದೆ ಅಂತ ಮೇಜರ್ ಅರ್ನ್ಸ್ಟ್ ಕಿಲಾಂಡರ್ ಅನ್ನುವವರಿಗೆ ಚಿಂತೆ ಹತ್ತಿತಂತೆ. 1919ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮ್ ಹತ್ತಿರದ ಕಾಡಿನಲ್ಲಿ ಅವರು ಒಂದು ಸ್ಪರ್ಧೆ ಇಟ್ಟರು, 220 ಜನ ಓಡಿದರು, ಅಲ್ಲಿಂದ ಈ ಆಟ ಹಬ್ಬಿತು. (ಇಂಥದ್ದನ್ನು ನಾರ್ವೆಯವರು 1897ರಲ್ಲೇ ನಡೆಸಿದ್ದರು. ಆದರೆ ಸ್ವೀಡನ್ನಿನ ಮಕ್ಕಳು ತುಂಬಿದ ವ್ಯಾನಿನಲ್ಲಿ ಇದನ್ನು ಬಾಯಿ ಬಿಟ್ಟು ಹೇಳಬಾರದು. ಹೇಳಿ ನೋಡಿದ್ದೇನೆ.)

ಸಾಮಾನಿನ ಪಟ್ಟಿಯಲ್ಲಿ ವಸತಿ ಎನ್ನುವಲ್ಲಿ "ಹೋರ್ಟ್ ಉಂಡರ್‌ಲಾಗ್" ಎಂದು ಬರೆದಿತ್ತು. ನಾನು ಅದನ್ನು ಒಂದು ಹೋಟೆಲ್ ಎಂದುಕೊಂಡಿದ್ದೆ. ಹಳೆಯ, ಮರದ ಬಾಲ್ಕನಿ ಇರುವ, ಸ್ವಲ್ಪ ದುಬಾರಿ ಹೋಟೆಲ್. ಫಾಲುನ್‌ನಲ್ಲಿ ಒಂದು ಶಾಲೆಯ ಮುಂದೆ ವ್ಯಾನು ನಿಂತಾಗ ಗೊತ್ತಾಯಿತು, ಅದರ ಅರ್ಥ "ಗಟ್ಟಿ ನೆಲ". ಈ ಆಟದವರು ಊರಿಂದ ಊರಿಗೆ ಹೋದಾಗ ಶಾಲೆಯ ಕ್ಲಾಸ್‌ರೂಮಿನಲ್ಲೇ ಚಾಪೆ ಹಾಸಿ ಮಲಗುತ್ತಾರೆ. ಎಲ್ಲರೂ ಗಾಳಿ ಹಾಸಿಗೆ ಬಿಚ್ಚಿ ಉಬ್ಬಿಸಿಕೊಂಡರು. ನಾನು ಬಿಚ್ಚಿದ್ದು ಇಸ್ತ್ರಿ ಮಾಡಿದ ಪೈಜಾಮ. ಆ ರಾತ್ರಿ ಮೂರನೇ ಕ್ಲಾಸಿನ ಗುಣಾಕಾರದ ಮಗ್ಗಿಯ ಕೆಳಗೆ, ಟವೆಲಿನ ಮೇಲೆ, ಬೆನ್ನುಮೂಳೆಯ ಪ್ರತಿ ಮಣಿಯನ್ನೂ ಎಣಿಸುತ್ತ ಮಲಗಿದೆ.

ನಿದ್ದೆ ಬಂದ ಸ್ವಲ್ಪ ಹೊತ್ತಿಗೇ ಬೆಳಕಾಯಿತು. ಕಿಟಕಿಯಲ್ಲಿ ಜೋರು ಬಿಸಿಲು. ತಿಂಡಿಯ ಜವಾಬ್ದಾರಿ ನನ್ನದು, ತಡವಾಯಿತಲ್ಲ ಅಂತ ದಡಬಡ ಎದ್ದು ಹೋಗಿ ಕಾಫಿಗಿಟ್ಟೆ, ರವೆ ಹುರಿದೆ, ಈರುಳ್ಳಿ ಹೆಚ್ಚಿದೆ, ಕಾರಿಡಾರಿನಲ್ಲಿ ಚಪ್ಪಾಳೆ ತಟ್ಟುತ್ತ ಎಲ್ಲರನ್ನೂ ಎಬ್ಬಿಸಿದೆ. ಮಕ್ಕಳು ಕಣ್ಣುಜ್ಜುತ್ತ ಬಂದು ಸಾಲಾಗಿ ಕೂತರು. ಒಬ್ಬರೂ ಏನೂ ಅನ್ನಲಿಲ್ಲ. ಕೋಚ್ ಕಾಫಿ ಕುಡಿದು ಮುಗಿಸಿ, ಗೋಡೆಯ ಗಡಿಯಾರವನ್ನು ಮೃದುವಾಗಿ ತೋರಿಸಿದರು. ನಾಲ್ಕು ಮುಕ್ಕಾಲು. ಜುಲೈಯಲ್ಲಿ ಅಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಹುಟ್ಟುತ್ತಾನೆ. ಸ್ಟಾಕ್‌ಹೋಮಿನಲ್ಲಿ ನಮ್ಮ ಮನೆಗೆ ದಪ್ಪ ಕಪ್ಪು ಪರದೆ ಇರುವುದರಿಂದ ನಾಲ್ಕು ವರ್ಷದಲ್ಲಿ ನಾನು ಅವನನ್ನು ಈ ಹೊತ್ತಿನಲ್ಲಿ ನೋಡಿರಲಿಲ್ಲ.

ಉಪ್ಪಿಟ್ಟು ಮಾತ್ರ ಗೆದ್ದಿತು. ಗೆದ್ದ ರೀತಿ ಬೇರೆ. ಇಲ್ಲಿ ರವೆಗೆ ಮನ್ನಗ್ರೂನ್ ಅನ್ನುತ್ತಾರೆ. ಅದರಲ್ಲಿ ಹಾಲು ಹಾಕಿ ಗಂಜಿ ಮಾಡಿ ಜಾಮ್ ಹಾಕಿಕೊಂಡು ತಿನ್ನುವುದು ಈ ಮಕ್ಕಳಿಗೆ ಅಭ್ಯಾಸ. ಹಾಗಾಗಿ ಸಾಸಿವೆ, ಕರಿಬೇವು, ಹಸಿಮೆಣಸು ಹಾಕಿದ ನನ್ನ ಉಪ್ಪಿಟ್ಟಿನ ಮೇಲೂ ಎಲ್ಲರೂ ಲಿಂಗೋನ್ ಹಣ್ಣಿನ ಕೆಂಪು ಜಾಮ್ ಸುರಿದುಕೊಂಡರು. ನಾನು ಮುಖ ಆ ಕಡೆ ತಿರುಗಿಸಿದೆ. ಮೂರನೇ ದಿನ ನಾನೂ ಒಂದು ಚಮಚ ಹಾಕಿಕೊಂಡೆ. ಈ ಮಾತು ತಿಪಟೂರಿನವರೆಗೆ ಹೋಗುವುದು ಬೇಡ.

ಎರಡನೇ ದಿನ ಅಭ್ಯಾಸದ ಜಾಗ ಬೆರ್ಗ್ ಎಂಬ ಹಳ್ಳಿಯ ಹತ್ತಿರ. ಬೆರ್ಗ್ ಎಂದು ಬರೆದು ಬೆರಿ ಎಂದು ಓದಬೇಕು, ಗುಡ್ಡ ಎಂದರ್ಥ. ಫೋನಿನಲ್ಲಿ ಹಾಕಿದೆ, ಅದು ದಾರಿ ಹೇಳಿತು, ನಾನು ಹೋದೆ. ನಮ್ಮಲ್ಲಿ ತಾಲ್ಲೂಕಿಗೊಂದು ಹೊಸಹಳ್ಳಿ ಇರುವ ಹಾಗೆ ಸ್ವೀಡನ್ನಿನ ತುಂಬ ಬೆರ್ಗ್‌ಗಳಿವೆ ಎಂದು ನನಗೇನು ಗೊತ್ತು? ಮುಕ್ಕಾಲು ಗಂಟೆಯ ಮೇಲೆ ಒಂದು ಕೆಂಪು ಕೊಟ್ಟಿಗೆ, ಎರಡು ಕುದುರೆ ಇರುವ ಕಡೆ ಫೋನು "ನೀವು ತಲುಪಿದ್ದೀರಿ" ಎಂದಿತು. ಹಿಂದಿನ ಸೀಟಿನಿಂದ ಹನ್ನೆರಡು ವರ್ಷದ ಹುಡುಗ ಮೆಲ್ಲಗೆ ಹೇಳಿದ: "ನಾವು ಪಶ್ಚಿಮಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಹೊತ್ತು ಬಿಸಿಲು ಬೆನ್ನಿಗೆ ಬೀಳಬೇಕಿತ್ತು. ಹೊರಟಾಗಿನಿಂದ ನಿಮ್ಮ ಕಣ್ಣಿಗೆ ಬೀಳುತ್ತಿದೆ."

"ಮತ್ತೆ ಯಾಕೆ ಹೇಳಲಿಲ್ಲ?"

"ನೀವು ಡ್ರೈವರ್. ನಿಮಗೆ ಗೊತ್ತಿರುತ್ತೆ ಅಂದುಕೊಂಡೆ."

ವ್ಯಾನಿನಲ್ಲಿದ್ದ ಎಂಟು ಮಕ್ಕಳಿಗೂ ಗೊತ್ತಿತ್ತಂತೆ. ನನ್ನ ಮಗಳಿಗೂ. "ನಿನಗೆ ಬೇಜಾರಾಗುತ್ತೆ ಅಂತ ಸುಮ್ನಿದ್ದೆ ಅಪ್ಪಾ" ಎಂದಳು. ಇವರು ಕಾಡಿನೊಳಗೆ ಒಂದು ಅಡಿ ಅಗಲದ ಬಾವುಟವನ್ನು ಹುಡುಕಿ ತೆಗೆಯುವ ಮಕ್ಕಳು. ಇವರನ್ನು ಕೂರಿಸಿಕೊಂಡು ನಾನು ಹೆದ್ದಾರಿಯಲ್ಲಿ ಒಂದು ಇಡೀ ಊರನ್ನು ತಪ್ಪಿಸಿಕೊಂಡಿದ್ದೆ.

ಮೂರನೇ ದಿನ ಕೋಚ್ ನನಗೂ ಒಂದು ಮ್ಯಾಪು ಕೊಟ್ಟು, ಅರ್ಧ ಗಂಟೆಯ ಮಕ್ಕಳ ಕೋರ್ಸು ನಡೆದುಕೊಂಡು ಬನ್ನಿ ಎಂದರು. ಒಂದು ಸೆಂಟಿಮೀಟರ್ ಅಂದರೆ ನೆಲದ ಮೇಲೆ 100 ಮೀಟರ್. ನೋಡಿದೆ. ಮ್ಯಾಪಿನ ಮುಕ್ಕಾಲು ಪಾಲು ಬಿಳಿ. ಖಾಲಿ ಬಯಲು ಅಂತ ಖುಷಿಯಾಗಿ ಚಡ್ಡಿ, ಚಪ್ಪಲಿಯಲ್ಲೇ ಹೊರಟೆ. ಐದು ಹೆಜ್ಜೆಗೆ ಪೈನ್ ಮರಗಳ ಗೋಡೆ. ಈ ಮ್ಯಾಪುಗಳಲ್ಲಿ ಬಿಳಿ ಅಂದರೆ ಕಾಡು, ಓಡಿಕೊಂಡು ಹೋಗಬಹುದಾದ ಕಾಡು. ಹಸಿರು ಅಂದರೆ ನುಗ್ಗಲಾಗದಷ್ಟು ದಟ್ಟ ಕಾಡು. ಬಯಲಿಗೆ ಹಳದಿ. ದೇಶದ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಕಾಡೇ ಇರುವಾಗ ಅದಕ್ಕೆ ಬಣ್ಣ ಯಾಕೆ ದಂಡ ಅಂತ ಲೆಕ್ಕವೋ ಏನೋ. ನೀಲಿ ಅಂದರೆ ನೀರು ಅನ್ನುವುದೊಂದು ನಾನು ಅಂದುಕೊಂಡ ಹಾಗೇ ಇತ್ತು, ಆದರೆ ಅದು ತಿಳಿಯುವ ಹೊತ್ತಿಗೆ ಚಪ್ಪಲಿ ಕೆಸರಿನಲ್ಲಿ ಹೋಗಿತ್ತು. ಸೊಳ್ಳೆಗಳ ಬಗ್ಗೆ ಹೇಳುವುದಿಲ್ಲ. ಅವು ನನ್ನ ಕಾಲನ್ನು ಹೊರದೇಶದ ಹೊಸ ರುಚಿ ಎಂದು ತಿಳಿದವು, ಅಷ್ಟೇ.

ಕಂಪಾಸಿನ ಕಥೆ ಇದಕ್ಕಿಂತ ದೊಡ್ಡದು. ಆ ರಾತ್ರಿ ಮಗಳು ತನ್ನ ಕಂಪಾಸನ್ನು ಜೋಪಾನವಾಗಿ ಇಡು ಎಂದು ನನ್ನ ಕೈಗೆ ಕೊಟ್ಟಳು. ವ್ಯಾನಿನ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ, ನನ್ನ ಫೋನಿನ ಮ್ಯಾಗ್ನೆಟ್ ಇರುವ ಸ್ಟ್ಯಾಂಡಿಗೆ ಒತ್ತಿ, ಅಲುಗದ ಹಾಗೆ ಇಟ್ಟೆ. ಇದಕ್ಕಿಂತ ಜೋಪಾನ ಹೇಗೆ ಮಾಡುವುದು?

ಮಾರನೇ ದಿನ ಮಧ್ಯಾಹ್ನ ಒಂದು ಗಂಟೆಗೆ ಅಭ್ಯಾಸ ಶುರುವಾಯಿತು. ಎರಡೇ ನಿಮಿಷದಲ್ಲಿ ಮಗಳು ವಾಪಸ್ ಬಂದಳು. "ಅಪ್ಪಾ, ಈ ಕಂಪಾಸಿನ ಪ್ರಕಾರ ಮಟಮಟ ಮಧ್ಯಾಹ್ನ ಸೂರ್ಯ ಉತ್ತರದಲ್ಲಿದ್ದಾನೆ."

ಬಲವಾದ ಮ್ಯಾಗ್ನೆಟ್ ಪಕ್ಕ ಇಟ್ಟರೆ ಕಂಪಾಸಿನ ಮುಳ್ಳು ಉಲ್ಟಾ ಆಗಿಬಿಡುತ್ತದಂತೆ. ಕೆಂಪು ತುದಿ ನೀಟಾಗಿ, ಒಂದಿಷ್ಟೂ ಅಳುಕಿಲ್ಲದೆ ದಕ್ಷಿಣ ತೋರಿಸುತ್ತಿತ್ತು. ಕೆಟ್ಟಿದ್ದರೆ ಕೆಟ್ಟ ಹಾಗಾದರೂ ಕಾಣಬೇಕಲ್ಲ, ಅದೂ ಇಲ್ಲ. ಕೋಚ್ ಬೈಯಲಿಲ್ಲ. ಅವಳಿಗೆ ಬೇರೆ ಕಂಪಾಸು ಕೊಟ್ಟರು. ಇದರ ಮೇಲೆ ಟೇಪು ಅಂಟಿಸಿ "ಫೇಲ್" ಎಂದು ಬರೆದರು. ಸ್ವೀಡಿಶ್‌ನಲ್ಲಿ ಫೇಲ್ ಅಂದರೆ ತಪ್ಪು. ಎಸ್‌ಎಸ್‌ಎಲ್‌ಸಿ ಬರೆದ ಯಾರಿಗೂ ಅನುವಾದ ಬೇಕಿಲ್ಲ. ಅದು ಮತ್ತೆ ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಸೇರಿತು.

ಕೊನೆಯ ಎರಡು ದಿನ ಟೀವೆಡೆನ್. ವೇನರ್ನ್, ವೆಟ್ಟರ್ನ್ ಎಂಬ ಎರಡು ದೊಡ್ಡ ಸರೋವರಗಳ ನಡುವಿನ ಕಾಡು. ಅದರ ಒಂದು ತುಂಡು 1983ರಿಂದ ರಾಷ್ಟ್ರೀಯ ಉದ್ಯಾನ. ನಾವಿದ್ದದ್ದು ಅದರ ಹೊರಗೆ, ಆದರೆ ಬಂಡೆಗಳಿಗೆ ಆ ಗಡಿ ಗೊತ್ತಿಲ್ಲ. ಹಿಮಯುಗದಲ್ಲಿ ಹಿಮನದಿಗಳು ಹೊತ್ತು ತಂದ ಬಂಡೆಗಳನ್ನು ಕರಗುವಾಗ ಅಲ್ಲೇ ಬಿಟ್ಟು ಹೋದವು. ಮನೆ ಖಾಲಿ ಮಾಡುವವರು ಭಾರದ ಸಾಮಾನು ಬಿಟ್ಟು ಹೋಗುತ್ತಾರಲ್ಲ, ಹಾಗೆ. ಆನೆಯಷ್ಟು ದೊಡ್ಡವು, ಎಮ್ಮೆಯಷ್ಟು ದೊಡ್ಡವು, ಎಲ್ಲದರ ಮೇಲೂ ಒಂದೇ ಥರದ ಪಾಚಿ.

ಬೆಳಿಗ್ಗೆ ಬಾವುಟ ಕಟ್ಟುವ ಕೆಲಸದಲ್ಲಿ ನನಗೂ ಆರು ಬಾವುಟ ಬಂತು. 30 ಸೆಂಟಿಮೀಟರ್ ಚೌಕದ, ಕಿತ್ತಳೆ ಬಿಳಿ ಬಣ್ಣದವು. ಐದನ್ನು ಕೋಚ್ ಜೊತೆಯಲ್ಲೇ ನಿಂತು ಕಟ್ಟಿಸಿದರು. ಏಳನೇ ನಂಬರಿನದ್ದು ಉಳಿದಿತ್ತು. "ಇದು ಸುಲಭ. ಅಗೋ ಅಲ್ಲಿ, ಬಂಡೆಯ ಹಿಂದೆ" ಎಂದು ಕೈ ತೋರಿಸಿ ಅವರು ಬೇರೆ ಕಡೆ ಹೋದರು. ಹೋದೆ. ಬಂಡೆ ಇತ್ತು. ಹಿಂದೆ ಕಟ್ಟಿದೆ. ಹೆಮ್ಮೆಯಿಂದ ಒಂದು ಫೋಟೋ ಕೂಡ ತೆಗೆದುಕೊಂಡೆ.

ಈ ಆಟದಲ್ಲಿ ಬಾವುಟವನ್ನು ತಪ್ಪು ಜಾಗದಲ್ಲಿ ಕಟ್ಟುವುದಕ್ಕಿಂತ ದೊಡ್ಡ ಪಾಪ ಇಲ್ಲ. ಓಡುವವರು ತಪ್ಪಿದರೆ ಅದು ಅವರ ತಪ್ಪು, ಮ್ಯಾಪಿನಲ್ಲಿದ್ದ ಕಡೆ ಬಾವುಟವೇ ಇಲ್ಲದಿದ್ದರೆ ಏನು ಮಾಡುವುದು? 14 ಮಕ್ಕಳು ಏಳನೇ ಬಂಡೆಯ ಸುತ್ತ ಪ್ರದಕ್ಷಿಣೆ ಹಾಕಿ ಹಾಕಿ ಪಾಚಿ ಸವೆಸಿದರು. ಕೊನೆಗೆ ಒಬ್ಬಳು ಹುಡುಗಿ ಬಂದು, "ಏಳನೆಯದು ಬಹುಶಃ ಸ್ವಲ್ಪ ಆ ಕಡೆ ಈ ಕಡೆ ಆಗಿದೆ" ಎಂದಳು. ಇಂಥ ಜನರ ನಡುವೆ ತಪ್ಪು ಮಾಡುವುದು ಬಹಳ ಕಷ್ಟ. ಜೋರಾಗಿ ಬೈದರೆ ನಾನೂ ಎರಡು ಮಾತಾಡಬಹುದಿತ್ತು.

ಮಧ್ಯಾಹ್ನ ಬಾವುಟ ಬಿಚ್ಚಿ ತರುವಾಗ ಏಳನೆಯದನ್ನು ನಾನೇ ತರುತ್ತೇನೆ ಎಂದೆ. ಪ್ರಾಯಶ್ಚಿತ್ತ. "ದಾರಿ ತಪ್ಪಿದರೆ ಪಶ್ಚಿಮಕ್ಕೆ ನಡೆಯಿರಿ, ರಸ್ತೆ ಸಿಗುತ್ತದೆ" ಎಂದರು ಕೋಚ್. ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಕೈ ಹಾಕಿ ಒಂದು ಕಂಪಾಸು ಎತ್ತಿಕೊಂಡು ಹೊರಟೆ.

ಟೇಪು ಕಿತ್ತುಹೋಗಿತ್ತು. ಅಂಟು ಮಾತ್ರ ಉಳಿದಿತ್ತು. ಯಾಕೆ ಕೈಗೆ ಅಂಟುತ್ತಿದೆ ಎಂದು ಯೋಚಿಸಿದ್ದರೆ ಸಾಕಿತ್ತು.

ಅವತ್ತು ಮೋಡ, ಸೂರ್ಯನೂ ಇಲ್ಲ. ಹತ್ತು ನಿಮಿಷಕ್ಕೆ ದಾರಿ ತಪ್ಪಿತು, ಸರಿ, ಅದು ನಿರೀಕ್ಷೆಯದ್ದೇ. ಕಂಪಾಸು ನೋಡಿ ಪಶ್ಚಿಮಕ್ಕೆ ನಡೆದೆ. ಬಹಳ ಶಿಸ್ತಿನಿಂದ ನಡೆದೆ. ರಸ್ತೆ ಸಿಗಲಿಲ್ಲ. ಒಂದು ಕೆರೆ ಸಿಕ್ಕಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ದಡದಲ್ಲಿ ಬ್ಲೂಬೆರಿ ಹಣ್ಣಾಗತೊಡಗಿತ್ತು. ಈ ದೇಶದಲ್ಲಿ ಕಾಡು ಯಾರದ್ದೇ ಆಗಿರಲಿ, ನಡೆಯಬಹುದು, ಹಣ್ಣು ಕೀಳಬಹುದು, ಯಾರೂ ಕೇಳುವ ಹಾಗಿಲ್ಲ. ಕೂತು ತಿಂದೆ. ಕಳೆದುಹೋಗುವುದಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಬೇರೆ ಕಡೆ ಇರಲಾರದು.

ಮುಕ್ಕಾಲು ಗಂಟೆಯ ಮೇಲೆ ಮಗಳು ಪೊದೆ ಸರಿಸಿಕೊಂಡು ಬಂದಳು. ನೇರವಾಗಿ ನನ್ನ ಹತ್ತಿರಕ್ಕೇ ಬಂದಳು.

"ಹೇಗೆ ಗೊತ್ತಾಯಿತು ಇಲ್ಲಿದ್ದೇನೆ ಅಂತ?"

"ಫೇಲ್ ಕಂಪಾಸು ಪೆಟ್ಟಿಗೆಯಲ್ಲಿ ಇರಲಿಲ್ಲ. ಹಾಗಾದರೆ ನೀನು ಪೂರ್ವಕ್ಕೆ ಹೋಗಿರ್ತೀಯ. ಪೂರ್ವಕ್ಕೆ ಹೋದರೆ ಕೆರೆ. ನಿನಗೆ ಈಜು ಬರಲ್ಲ." ಮ್ಯಾಪನ್ನು ಮಡಚಿದಳು. "ಹಲ್ಲೆಲ್ಲ ನೀಲಿ ಆಗಿದೆ, ಒರೆಸಿಕೋ."

ಸ್ಟಾಕ್‌ಹೋಮಿಗೆ ವಾಪಸ್ ಬಂದು ವ್ಯಾನು ಖಾಲಿ ಮಾಡಿದೆವು. ಯಾರದ್ದೆಂದು ಗೊತ್ತಿಲ್ಲದ ಒಂಟಿ ಸಾಕ್ಸುಗಳು ಹನ್ನೊಂದು, ಅರ್ಧ ಡಬ್ಬಿ ಲಿಂಗೋನ್ ಜಾಮ್, ಒಂದು ಉಲ್ಟಾ ಕಂಪಾಸು. ಕೋಚ್ ಬಾವುಟ ಎಣಿಸಿದರು. 24 ಇರಬೇಕಿತ್ತು. 23 ಇತ್ತು. ಇನ್ನೊಂದು ಸಲ ಎಣಿಸಿ ತಲೆಯೆತ್ತಿ ನನ್ನನ್ನೇ ನೋಡಿದರು.

"ಏಳನೆಯದು ಎಲ್ಲಿ ಕಟ್ಟಿದ್ದಿರಿ, ಸ್ವಲ್ಪವಾದರೂ ನೆನಪಿದೆಯಾ?"

ಫೋನಿನಲ್ಲಿ ಫೋಟೋ ಇದೆಯಲ್ಲ ಎಂದು ನೆನಪಾಯಿತು. ತೆಗೆದು ತೋರಿಸಿದೆ. ಬಹಳ ಚೆನ್ನಾಗಿ ಬಂದಿತ್ತು. ಬಾವುಟ, ಅದರ ಹಿಂದೆ ಪಾಚಿ ಹಿಡಿದ ಒಂದು ಬಂಡೆ.