ಪೌರತ್ವ ಕಿತ್ತುಕೊಳ್ಳಲು ಬರುವುದಿಲ್ಲ, ಸಾಕ್ಷಿಗಳನ್ನು ಉಳಿಸಿಕೊಳ್ಳಿ
ಗಂಭೀರ ಅಪರಾಧದಲ್ಲಿ ಸಿಕ್ಕಿಬಿದ್ದ ನಟರ ಪೌರತ್ವವನ್ನೇ ರದ್ದು ಮಾಡಬೇಕೆಂದು ಲೇಖನವೊಂದು ಕೇಳಿದೆ. ಅದನ್ನು ಬರೆದವರ ಸಿಟ್ಟು ಅರ್ಥವಾಗುತ್ತದೆ. ಆದರೆ 1955ರ ಪೌರತ್ವ ಕಾಯ್ದೆಯ 10ನೇ ಸೆಕ್ಷನ್ ಹುಟ್ಟಿನಿಂದ ಭಾರತೀಯರಾದವರನ್ನು ಮುಟ್ಟುವುದೇ ಇಲ್ಲ. ಅದು ಮುಖ್ಯವಾಗಿ ಅರ್ಜಿ ಹಾಕಿ ಪೌರತ್ವ ಪಡೆದವರಿಗೆ: ವಂಚನೆಯಿಂದ ಪಡೆದಿದ್ದರೆ, ಸಂವಿಧಾನಕ್ಕೆ ನಿಷ್ಠೆ ತಪ್ಪಿದರೆ, ಪೌರತ್ವ ಸಿಕ್ಕ 5 ವರ್ಷದೊಳಗೆ 2 ವರ್ಷಕ್ಕೆ ಕಡಿಮೆಯಿಲ್ಲದ ಜೈಲು ಶಿಕ್ಷೆಯಾದರೆ. ಆಗಲೂ ಕಾರಣ ಬರೆದ ನೋಟಿಸ್ ಕೊಡಲೇಬೇಕು.

ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದರೆ ಮಾತ್ರ 9ನೇ ಸೆಕ್ಷನ್ ಪ್ರಕಾರ ಇಲ್ಲಿಯದು ತಾನಾಗಿಯೇ ಹೋಗುತ್ತದೆ. ಕೆನಡಾ ಪೌರತ್ವ ಪಡೆದಿದ್ದ ಅಕ್ಷಯ್ ಕುಮಾರ್‌ಗೆ 2023ರಲ್ಲಷ್ಟೇ ಭಾರತದ್ದು ಮತ್ತೆ ಸಿಕ್ಕಿತು.

ತಾರೆಯರಿಗೆ ರಿಯಾಯಿತಿ ಸಿಗುವ ಜಾಗ ಜಾಮೀನು ಮತ್ತು ಜೈಲು. ನಮ್ಮ ಚಿತ್ರದುರ್ಗದ ಯುವಕನ ಕೊಲೆ ಪ್ರಕರಣವನ್ನೇ ನೋಡಿ. ಆರೋಪಿ, ನಟ ದರ್ಶನ್‌ಗೆ ಹೈಕೋರ್ಟ್ ಕೊಟ್ಟಿದ್ದ ಜಾಮೀನನ್ನು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 14ರಂದು ರದ್ದು ಮಾಡಿತು, ಜೈಲಿನಲ್ಲಿ ವಿಶೇಷ ಸೌಲಭ್ಯ ಕೊಟ್ಟರೆ ಅಧಿಕಾರಿಗಳನ್ನು ಅಮಾನತು ಮಾಡುವುದಾಗಿಯೂ ಎಚ್ಚರಿಸಿತು.

ಇಂಥ ಕೇಸುಗಳು ಬಿದ್ದುಹೋಗುವುದು ಸಾಕ್ಷಿಗಳು ಉಲ್ಟಾ ಹೊಡೆದಾಗ. ಬೆದರಿಕೆ ಬಂದವರು 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ಪೊಲೀಸರು 5 ಕೆಲಸದ ದಿನಗಳಲ್ಲಿ ಅಪಾಯದ ವರದಿ ಸಲ್ಲಿಸಬೇಕು. ಈ ವಿಷಯ ಸಾಕ್ಷಿಗಳ ಮನೆಯವರಿಗೆ ದಯವಿಟ್ಟು ತಿಳಿಸಿ.